ತಂಪಣ್ಣನ ಅಂಗಡಿಯ ಅರ್ಧ ಬೋರ್ಡು

ತಂಪಣ್ಣನ ಅಂಗಡಿಯ ಹೊಸ ಬೋರ್ಡು ಅರ್ಧಕ್ಕೇ ನಿಂತು ಹದಿನೈದು ದಿನವಾಗಿತ್ತು. ನೀಲಿ ತಗಡಿನ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ‘ತಂಪಣ್ಣ ಮತ್ತು’ ಎಂದು ಬರೆದಿತ್ತು. ಅಲ್ಲಿಂದ ಮುಂದಕ್ಕೆ ಬರೀ ನೀಲಿ. ದಾರಿಯಲ್ಲಿ ಹೋಗುವವರೆಲ್ಲ ತಲೆ ಎತ್ತಿ ನೋಡಿ, “ಏನಣ್ಣಾ, ಮತ್ತು ಯಾರು?” ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

“ಮತ್ತು ನಿಮ್ಮಜ್ಜಿ!” ಎಂದು ತಂಪಣ್ಣ ಒಳಗಿನಿಂದಲೇ ಕೂಗುತ್ತಿದ್ದ.

ಫ್ರಿಜ್ಜು, ಏಸಿ ರಿಪೇರಿ ಮಾಡಿ ಊರಿಗೆಲ್ಲ ತಂಪು ಕೊಡುವ ಮನುಷ್ಯ. ಆ ಹೆಸರು ಜನ ಇಟ್ಟಿದ್ದು. ಸ್ವಭಾವ ನೋಡಿ ಯಾರೂ ಇಟ್ಟಿರಲಾರರು. ಆದರೆ ಕೆಲಸದಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ಗ್ಯಾಸು ಎಲ್ಲಿ ಸೋರುತ್ತಿದೆ ಎಂದು ಬೇರೆಯವರು ಅರ್ಧ ದಿನ ಹುಡುಕಿದರೆ, ತಂಪಣ್ಣ ತಾಮ್ರದ ಕೊಳವೆಗೆ ಕಿವಿ ಕೊಟ್ಟು ಎರಡು ನಿಮಿಷದಲ್ಲಿ, “ಇಲ್ಲೇ ಇದ್ದೀಯಾ ಕಳ್ಳ” ಎನ್ನುತ್ತಿದ್ದ. ಆಮೇಲೆ ಹಳೆಯ ಶೇವಿಂಗ್ ಬ್ರಷ್ಷಿನಿಂದ ಸೋಪಿನ ನೊರೆ ಹಚ್ಚಿದರೆ ಸರಿಯಾಗಿ ಅಲ್ಲಿಯೇ ಗುಳ್ಳೆ ಏಳಬೇಕು. ಸೂಜಿಮೊನೆಯಷ್ಟು ಸೋರಿದರೂ ಅವನಿಗೆ ಅದು ಸ್ವಂತ ಅವಮಾನ.

ಬೋರ್ಡಿನಲ್ಲಿ ಬರೆಯಬೇಕಿದ್ದ ಮುಂದಿನ ಪದ ‘ಮಗಳು’. ಒಬ್ಬಳೇ ಮಗಳು. ಎರಡು ವರ್ಷ ತಾಂತ್ರಿಕ ತರಬೇತಿ ಶಾಲೆಯಲ್ಲಿ ಇದೇ ಕೆಲಸ ಕಲಿತು, ತರಗತಿಗೇ ಮೊದಲಿಗಳಾಗಿ ಬಂದಿದ್ದಳು. ಆ ಸುದ್ದಿಯನ್ನು ತಂಪಣ್ಣ ಹಾಲಿನವನಿಗೆ ಹೇಳಿದ, ಅಂಚೆಯವನಿಗೆ ಹೇಳಿದ, ಗೊತ್ತಿದ್ದವರಿಗೇ ಎರಡೆರಡು ಸಲ ಹೇಳಿದ. ಅದೇ ದಿನ ಬೋರ್ಡು ಬರೆಯುವ ಪೇಂಟರನ್ನೂ ಕರೆಸಿದ.

ಪೇಂಟರ್ ‘ಮತ್ತು’ವಿನವರೆಗೆ ಬಂದಿದ್ದ. ಕೆಳಗೆ ತಂಪಣ್ಣ ಮಗಳಿಗೆ ತೋರಿಸಲೆಂದು ಒಂದು ಹಳೇ ಏಸಿ ಬಿಚ್ಚುತ್ತಿದ್ದ. ಒಳಗಿನ ಗ್ಯಾಸು ಖಾಲಿ ಮಾಡದೆ ಕೊಳವೆ ಬಿಚ್ಚಲಾಗದು. ಅವನು ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದುದನ್ನೇ ಮಾಡಿದ. ವಾಲ್ವ್ ತಿರುಗಿಸಿದ. ಬುಸ್ಸ್ಸ್ ಎಂದಿತು.

“ಅಪ್ಪಾ, ಅದು ಎಲ್ಲಿಗೆ ಹೋಯ್ತು?” ಎಂದಳು ಮಗಳು.

“ಎಲ್ಲಿಗೆ ಅಂದ್ರೆ? ಗಾಳಿಗೆ.”

“ಪೇಂಟರ್ ಮಾಮ, ಸ್ವಲ್ಪ ನಿಲ್ಲಿಸಿ. ಮುಂದೆ ಬರೀಬೇಡಿ.”

ಏಣಿಯ ಮೇಲಿದ್ದ ಪೇಂಟರ್ ಕುಂಚ ಹಿಡಿದುಕೊಂಡೇ ಬಗ್ಗಿ ನೋಡಿದ. “ಯಾಕವ್ವಾ? ಅಕ್ಷರ ಸೊಟ್ಟ ಆಯ್ತಾ?”

“ಅಕ್ಷರ ಚೆನ್ನಾಗಿದೆ. ಆ ಬುಸ್ ಅನ್ನೋದು ಚೆನ್ನಾಗಿಲ್ಲ. ಗ್ಯಾಸ್ ಗಾಳಿಗೆ ಬಿಡೋ ಅಂಗಡಿಯ ಬೋರ್ಡಲ್ಲಿ ನಾನು ಇರಲ್ಲ.”

ಬೇಸಿಗೆಯ ಹನ್ನೊಂದು ಗಂಟೆ. ಅಂಗಡಿಯ ಮುಂದೆ ಕೆಟ್ಟ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ಪ್ರತಿ ವರ್ಷವೂ ಸೆಕೆ ಹೆಚ್ಚು, ಸಾಲು ಉದ್ದ.

ಪೇಂಟರಿಗೆ ನಗು ಬಂತು. “ಅಲ್ಲ ಪುಟ್ಟಿ, ವಿಮಾನ ಹಾರ್ತಾವೆ, ಕಾರ್ಖಾನೆ ಹಗಲೂ ರಾತ್ರಿ ಹೊಗೆ ಉಗುಳ್ತಾವೆ. ದೊಡ್ಡ ದೊಡ್ಡ ದೇಶದವರೇ ಸುಮ್ಮನಿದ್ದಾರೆ. ನಿಮ್ಮಪ್ಪನ ಒಂದು ಬುಸ್‌ನಿಂದ ಭೂಮಿ ಬಿಸಿ ಆಯ್ತಾ?”

“ಹಾಗೆ ಕೇಳು!” ಎಂದ ತಂಪಣ್ಣ.

“ದೊಡ್ಡವರನ್ನೂ ಕೇಳಬೇಕು ಮಾಮ. ಗಟ್ಟಿಯಾಗೇ ಕೇಳಬೇಕು. ಆದ್ರೆ ಕೇಳೋವಾಗ ನಮ್ಮ ಕೈಲಿ ಬುಸ್ ಅನ್ನಬಾರದು.” ಆಮೇಲೆ ಅಪ್ಪನ ಕಡೆ ತಿರುಗಿದಳು. “ಫ್ರಿಜ್ಜಿನ ಹಿಂದಿನ ಜಾಲರಿಗೆ ಧೂಳು ಕೂತ್ರೆ ಏನಾಗುತ್ತಪ್ಪಾ?”

“ಬಿಸಿ ಹೊರಗೆ ಹೋಗಲ್ಲ. ಒಳಗೇ ಕುದಿಯುತ್ತೆ. ಇದೇನು ಪರೀಕ್ಷೆನಾ?”

“ಭೂಮಿಗೂ ಹಾಗೇ. ಹೊಗೆ, ಈ ಗ್ಯಾಸು ಎಲ್ಲ ಮೇಲೆ ಹೋಗಿ ಭೂಮಿಯ ಬಿಸಿ ಹೊರಗೆ ಹೋಗೋಕೆ ಬಿಡಲ್ಲ. ಅದ್ರಲ್ಲೂ ಏಸಿಲಿ ತುಂಬೋ ಈ ಗ್ಯಾಸು ಬಹಳ ಕೆಟ್ಟದ್ದು. ಇದು ಒಂದು ಕಿಲೋ ಹೋದ್ರೆ, ಒಂದು ಕಾರು ಹತ್ತು ಸಾವಿರ ಕಿಲೋಮೀಟರ್ ಓಡಿ ಹೊಗೆ ಬಿಟ್ಟಷ್ಟು.”

“ಕಿಲೋನಾ? ಗಾಳಿಗೆಲ್ಲಿಯ ತೂಕನೇ!” ತಂಪಣ್ಣ ಸ್ಪ್ಯಾನರ್ ಕೆಳಗಿಟ್ಟ. “ಎರಡು ವರ್ಷ ಓದಿಸಿದ್ದಕ್ಕೆ ನನಗೇ ಪಾಠ ಹೇಳ್ತಿದ್ದಾಳೆ. ನಾನು ದುಡಿದು ತಿಂದಿದ್ದೀನಿ, ಯಾರ ಮನೇನೂ ಹಾಳು ಮಾಡಿಲ್ಲ.”

ಅವತ್ತಿನಿಂದ ಬೋರ್ಡು ಅರ್ಧ. ಮನೆಯಲ್ಲಿ ಮಾತು ಅರ್ಧ. ನಡುವೆ ದೊಡ್ಡ ರಸ್ತೆಯ ಅಂಗಡಿಯವರು ಮಗಳನ್ನು ಕೆಲಸಕ್ಕೆ ಕರೆದರು. ಸೋಮವಾರದೊಳಗೆ ಹೇಳಬೇಕು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಹೇಳಿದಳು: “ಕೂದಲೆಳೆಯಷ್ಟು ಸೋರಿಕೆ ಹಿಡಿಯೋ ಗಂಡ. ಮಗಳು ಕೈತಪ್ಪಿ ಹೋಗ್ತಿರೋದು ಮಾತ್ರ ಕಾಣಲ್ಲ.”

ಶನಿವಾರ ಬೆಳಗ್ಗೆ ಚಿತ್ರಮಂದಿರದ ಮ್ಯಾನೇಜರಿಂದ ಕರೆ ಬಂತು. ಒಂಬತ್ತು ಹಳೇ ಏಸಿ, ಅವತ್ತೇ ಸಂಜೆಯೊಳಗೆ ಬಿಚ್ಚಿ ಇಳಿಸಬೇಕು; ಮರುದಿನ ಹೊಸವು ಬರುತ್ತವೆ. ಹತ್ತಾರು ಅಂಗಡಿ ಇದ್ದರೂ ತಂಪಣ್ಣನನ್ನೇ ಕರೆದಿದ್ದರು. ಒಬ್ಬನಿಂದ ಆಗುವ ಕೆಲಸವಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

“ಕೈ ಕೊಡ್ತೀಯಾ?”

“ಕೊಡ್ತೀನಿ. ಆದ್ರೆ ಗ್ಯಾಸು ಹಿಡಿಯೋ ಮಷೀನು ತರ್ತೀನಿ. ನಮ್ಮ ಶಾಲೆಯವರು ಒಂದು ದಿನಕ್ಕೆ ಕೊಡ್ತಾರೆ.”

“ತಾ. ತಡ ಆದ್ರೆ ಮಾತ್ರ ನನ್ನ ದಾರಿ ನನಗೆ.”

ಚಿತ್ರಮಂದಿರದ ಮಹಡಿಯ ಮೇಲೆ ಒಂಬತ್ತು ಹಳೇ ಪೆಟ್ಟಿಗೆಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ಕೂತಿದ್ದವು. ಮಗಳು ಸೂಟ್‌ಕೇಸಿನಷ್ಟಿದ್ದ ಮಷೀನನ್ನು ಮೊದಲ ಏಸಿಗೆ ಒಂದು ಪೈಪಿನಿಂದ, ಖಾಲಿ ಸಿಲಿಂಡರಿಗೆ ಇನ್ನೊಂದು ಪೈಪಿನಿಂದ ಜೋಡಿಸಿದಳು. ಅದಕ್ಕೆ ಮುಂಚೆ ಕೆಳಗಿನ ಗೋದಾಮಿನ ತೂಕದ ಯಂತ್ರ ತರಿಸಿ ಸಿಲಿಂಡರ್ ತೂಗಿದ್ದಳು. ಹದಿಮೂರು ಕಿಲೋ. ಸುಣ್ಣದ ಕಡ್ಡಿಯಲ್ಲಿ ಗೋಡೆಗೆ ಬರೆದಳು.

ಮಷೀನು ಗುರ್ ಎಂದಿತು. ಒತ್ತಡ ತೋರಿಸುವ ಮುಳ್ಳು ಇಳಿಯಬೇಕಾದ ಹಾಗೆ ಇಳಿಯಲಿಲ್ಲ. ಆರಿಸಿ, ಪೈಪು ಬಿಗಿ ಮಾಡಿ, ಮತ್ತೆ ಹಾಕಿದಳು. ಅದೇ ಕತೆ. ಹಣೆಯ ಬೆವರು ಕಣ್ಣಿಗಿಳಿಯಿತು.

ಮ್ಯಾನೇಜರ್ ಛತ್ರಿ ಹಿಡಿದು ಮೇಲೆ ಬಂದ. “ಏನ್ರೀ ತಂಪಣ್ಣ, ಇದೇನು ಆಸ್ಪತ್ರೆನಾ? ಏಸಿಗೆ ಡ್ರಿಪ್ ಹಾಕಿ ಕೂತಿದ್ದೀರಿ. ಬುಸ್ ಅನ್ಸಿ ಬಿಚ್ರೀ, ಹತ್ತು ನಿಮಿಷದ ಕೆಲಸ.”

ತಂಪಣ್ಣನ ಕೈ ತಾನಾಗಿಯೇ ಸ್ಪ್ಯಾನರ್ ಎತ್ತಿಕೊಂಡಿತು. ವಾಲ್ವ್ ಒಂದು ಗೇಣು ದೂರದಲ್ಲಿತ್ತು. ಮಗಳು ತಡೆಯಲಿಲ್ಲ. ಮೆಲ್ಲಗೆ ಒಂದೇ ಮಾತು ಕೇಳಿದಳು.

“ಸೂಜಿಮೊನೆಯಷ್ಟು ಸೋರಿದ್ರೂ ನಿದ್ದೆ ಬರಲ್ಲ ನಿನಗೆ. ನೀನೇ ವಾಲ್ವ್ ತೆಗೆದು ಪೂರ್ತಿ ಬಿಡ್ತೀಯಲ್ಲ, ಅದು ಸೋರಿಕೆ ಅಲ್ವಾ ಅಪ್ಪಾ?”

ತಂಪಣ್ಣ ಸ್ಪ್ಯಾನರ್ ಕೆಳಗಿಟ್ಟ. ಅಷ್ಟರಲ್ಲಿ ಕಿವಿಗೆ ಒಂದು ಸದ್ದು ಬಿತ್ತು. ಬೇರೆ ಯಾರಿಗೂ ಕೇಳದಂಥ ಸಣ್ಣ ಸದ್ದು.

“ಶ್... ಮಷೀನು ಆರಿಸು.”

ಮೊಣಕಾಲೂರಿ ಪೈಪಿನ ಉದ್ದಕ್ಕೂ ಕಿವಿ ಸರಿಸುತ್ತ ಹೋದ. ಸಿಲಿಂಡರಿನ ಹತ್ತಿರದ ಕೀಲಿನಲ್ಲಿ ನಿಂತ. ಬ್ರಷ್ಷಿನಿಂದ ನೊರೆ ಹಚ್ಚಿದ. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು.

“ಇಲ್ಲೇ ಇದ್ದೀಯಾ ಕಳ್ಳ! ಒಳಗಿನ ರಬ್ಬರು ಸವೆದಿದೆ ಮಗಾ. ನಿಮ್ಮ ಶಾಲೆಯವರಿಗೆ ಹೇಳು, ಓದಿಸಿದ್ರೆ ಸಾಲದು, ವಾಷರ್ ಬದಲಾಯಿಸಬೇಕು.” ವಾಲ್ವುಗಳನ್ನು ಮುಚ್ಚಿಸಿ, ಜೇಬಿನ ಬೆಂಕಿಪೊಟ್ಟಣದಿಂದ ಒಂದು ವಾಷರ್ ತೆಗೆದು ಕೂರಿಸಿದ. ಮಷೀನು ಹಾಕಿದಳು. ಮುಳ್ಳು ಸರಸರನೆ ಇಳಿಯಿತು. ಪೂರ್ತಿ ಕೆಳಗೆ.

“ಅಬ್ಬಾ, ಅಪ್ಪಾ! ನಮ್ಮ ಮೇಷ್ಟ್ರಿಗೂ ಇದು ಹಿಡಿಯೋಕಾಗ್ತಿರಲಿಲ್ಲ!”

ಹದಿನೈದು ದಿನದ ಮೇಲೆ ಮಗಳ ಬಾಯಲ್ಲಿ ಪೂರ್ತಿ ಮಾತು. ತಂಪಣ್ಣ ಮುಖ ಆಚೆ ತಿರುಗಿಸಿ ಮೀಸೆಯಲ್ಲೇ ನಕ್ಕ. “ಹೂಂ, ಎರಡನೇದಕ್ಕೆ ಜೋಡಿಸು. ಕೂತ್ರೆ ಆಗುತ್ತಾ?”

ಆಮೇಲೆ ಕೆಲಸ ಓಡಿತು. ಒಂದರ ಗ್ಯಾಸು ಮಷೀನು ಹೀರುತ್ತಿರುವಾಗ, ಖಾಲಿಯಾದ ಇನ್ನೊಂದನ್ನು ಅವನು ಬಿಚ್ಚುತ್ತಿದ್ದ. ತಂಪಣ್ಣ ಹೆದರಿದಷ್ಟು ತಡವೇನೂ ಆಗಲಿಲ್ಲ. ಹಳೇ ರೀತಿಗಿಂತ ಒಂದು ಗಂಟೆ ಹೆಚ್ಚು ಹಿಡಿಯಿತು, ಅಷ್ಟೇ. ಸಂಜೆ ಐದಕ್ಕೆ ಒಂಬತ್ತೂ ಕೆಳಗಿಳಿದವು.

ಸಿಲಿಂಡರನ್ನು ಮತ್ತೆ ತೂಕಕ್ಕಿಟ್ಟರು. ಇಪ್ಪತ್ತು ಕಿಲೋ ನಾನೂರು ಗ್ರಾಂ.

ತಂಪಣ್ಣ ಗೋಡೆಯ ಮೇಲಿನ ಹದಿಮೂರನ್ನು ನೋಡಿದ. ಮುಳ್ಳು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಸಿಲಿಂಡರ್ ಎತ್ತಿ ನೋಡಿದ. ಬೆಳಗ್ಗೆ ಒಂದೇ ಕೈಯಲ್ಲಿ ಬಂದಿದ್ದು ಈಗ ಎರಡು ಕೈ ಕೇಳಿತು.

“ಏಳು ಕಿಲೋ ನಾನೂರು,” ಎಂದ. “ಗಾಳಿಗೆ ತೂಕ ಇಲ್ಲ ಅಂದಿದ್ದೆನಲ್ಲೇ.” ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತ. “ಇಪ್ಪತ್ತೆಂಟು ವರ್ಷ, ಮಗಾ. ಎಷ್ಟು ಬಿಟ್ಟಿರಬಹುದು ನಾನು?”

ಮಗಳು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟಳು. “ನಿನಗೆ ಯಾರೂ ಹೇಳಿರಲಿಲ್ಲ. ಮಷೀನೂ ಇರಲಿಲ್ಲ. ಹೋದದ್ದನ್ನ ತರೋಕಾಗಲ್ಲ ಅಪ್ಪಾ. ಆದ್ರೆ ಇವತ್ತಿನ ಏಳು ಕಿಲೋ ನಾನೂರು ಹೋಗಿಲ್ಲ. ಇಲ್ಲೇ ಇದೆ. ಶುದ್ಧ ಮಾಡಿದ್ರೆ ಮತ್ತೆ ಉಪಯೋಗಕ್ಕೂ ಬರುತ್ತೆ. ಲೆಕ್ಕ ಹಾಕು, ಒಂದು ಕಾರು ಎಪ್ಪತ್ನಾಲ್ಕು ಸಾವಿರ ಕಿಲೋಮೀಟರ್ ಓಡೋದು ಇವತ್ತು ನಿಂತಿದೆ. ನಿಲ್ಸಿದ್ದು ನಿನ್ನ ಕಿವಿ.”

ಮ್ಯಾನೇಜರ್ ಮತ್ತೆ ಬಂದ. “ಅಂತೂ ಮುಗೀತಾ? ನೀವಿಬ್ಬರೇ ಸೇರಿ ಭೂಮಿ ಉಳಿಸಿಬಿಟ್ರಿ ಅನ್ನಿ. ಅತ್ತ ಕಾರ್ಖಾನೆಗಳು ನಿಮ್ಮನ್ನ ನೋಡಿ ನಗ್ತಿರ್ತಾವೆ.”

ತಂಪಣ್ಣ ಎದ್ದು ನಿಂತ. ಅವತ್ತು ಪೇಂಟರ್ ಮಾತಿಗೆ ತಾನು ಹೂಂಗುಟ್ಟಿದ್ದ ಹಾಗೆ ಈಗ ಹೂಂಗುಟ್ಟಲು ಆಗಲಿಲ್ಲ. ಹದಿನೈದು ದಿನದ ಹಿಂದಿನ ತಂಪಣ್ಣನೇ ಎದುರಿಗೆ ಛತ್ರಿ ಹಿಡಿದು ನಿಂತಿರುವಂತೆ ಕಂಡಿತು.

“ಕಾರ್ಖಾನೆಯ ಬೀಗದಕೈ ನನ್ನ ಹತ್ರ ಇಲ್ಲ ಸಾರ್. ಇದ್ದೋರನ್ನ ನೀವೂ ಕೇಳಿ, ನಾನೂ ಕೇಳ್ತೀನಿ. ಈ ವಾಲ್ವು ಮಾತ್ರ ನನ್ನ ಕೈಲಿದೆ. ಇದಕ್ಕೆ ಇನ್ನೊಬ್ಬರ ಕಡೆ ಬೆರಳು ತೋರಿಸಿದ್ರೆ ನನ್ನ ಕಸುಬಿಗೆ ಏನು ಮರ್ಯಾದೆ?” ಸಿಲಿಂಡರನ್ನು ಹೆಗಲಿಗೆ ಏರಿಸಿಕೊಂಡ. “ತಂಪಣ್ಣ ಬಂದ ಕಡೆ ಸೋರಲ್ಲ.”

ಸೋಮವಾರ ಬೆಳಗ್ಗೆ ಪೇಂಟರ್ ಏಣಿ ಹೊತ್ತುಕೊಂಡು ಬಂದ. ಹಿಂದೆಯೇ ಕೈಗಾಡಿಯಲ್ಲಿ ಅವನ ಮನೆಯ ಕೆಟ್ಟ ಫ್ರಿಜ್ಜು. “ಗುಜರಿಯವನು ಪೈಪು ಕತ್ತರಿಸಿ ತಗೊಂಡು ಹೋಗ್ತೀನಿ ಅಂದ. ಏನೋ ನೆನಪಾಯ್ತು. ಗ್ಯಾಸು ತೆಗೆಸಿಯೇ ಕೊಡೋಣ ಅಂತ ಇಲ್ಲಿಗೇ ತಂದೆ. ನಗಬೇಡ ಪುಟ್ಟಿ!”

“ನಗ್ತಿಲ್ಲ ಮಾಮ, ಬರೀರಿ,” ಎಂದಳು ಮಗಳು. ದೊಡ್ಡ ರಸ್ತೆಯ ಅಂಗಡಿಯವರಿಗೆ ಆಗಲೇ ಫೋನು ಮಾಡಿ ಬರುವುದಿಲ್ಲ ಎಂದಿದ್ದಳು. ಸ್ವಂತ ಮಷೀನು ಕೊಳ್ಳುವವರೆಗೆ ಶಾಲೆಯದನ್ನೇ ಬಾಡಿಗೆಗೆ ತರುವುದೆಂದು ಅಪ್ಪ, ಮಗಳು ಮಾತಾಡಿಕೊಂಡಿದ್ದರು.

ಪೇಂಟರ್ ಮೇಲೇರಿ ಗೇಣು ಹಾಕಿ ಅಳೆದ. “ತಂಪಣ್ಣ, ನಿನ್ನ ಹೆಸರೇ ಜಾಗ ನುಂಗಿದೆ. ‘ಮಗಳು’ ಸ್ವಲ್ಪ ಸಣ್ಣದಾಗಿ ಬರುತ್ತೆ, ಪರವಾಗಿಲ್ವಾ?”

“ಸಣ್ಣದಾ? ಇಳಿ ಕೆಳಗೆ!” ತಂಪಣ್ಣ ಅಂಗಡಿಯಿಂದ ಹೊರಗೆ ಬಂದೇಬಿಟ್ಟ. “ನನ್ನ ಹೆಸರು ಅಳಿಸು. ಮೊದಲಿಂದ ಬರಿ. ಎರಡೂ ಒಂದೇ ಅಳತೆ. ಕೆಳಗೆ ಒಂದು ಸಾಲು: ಇಲ್ಲಿ ಗ್ಯಾಸು ಗಾಳಿಗೆ ಬಿಡುವುದಿಲ್ಲ.”

ಅಂಗಡಿಯ ಹಿಂದಿನ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಹೊರಬಂದು ತಲೆ ಎತ್ತಿ ನೋಡುತ್ತ ನಿಂತಳು. ಬೀದಿಯವರೂ ನಿಂತರು. ಈಗ ಯಾರೂ ‘ಮತ್ತು ಯಾರು’ ಎಂದು ಕೇಳಲಿಲ್ಲ. ಆದರೂ ತಂಪಣ್ಣ ಬಂದವರಿಗೆಲ್ಲ ಓದಿ ಹೇಳಿದ, ಗೊತ್ತಿದ್ದವರಿಗೆ ಎರಡೆರಡು ಸಲ.

ಅಕ್ಕ, ಅಣ್ಣ, ಇಷ್ಟು ಹೊತ್ತು ಕೇಳಿದಿರಿ, ಇನ್ನೊಂದು ಮಾತು ಕೇಳಿ. ನಿಮ್ಮ ಮನೆಯ ಫ್ರಿಜ್ಜು ಅಥವಾ ಏಸಿ ಕೆಟ್ಟಾಗ ಮೆಕ್ಯಾನಿಕ್ಕನ್ನು ಕೇಳಿ: “ಗ್ಯಾಸು ಸಿಲಿಂಡರಿಗೆ ಹಿಡಿಯುತ್ತೀರಾ, ಗಾಳಿಗೆ ಬಿಡುತ್ತೀರಾ?” ಸೋರುವ ಜಾಗ ಹುಡುಕಿ ಮುಚ್ಚದೆ ಹೊಸ ಗ್ಯಾಸು ತುಂಬಿಸಬೇಡಿ. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಗ್ಯಾಸು ತೆಗೆಸಿ. ಅದಕ್ಕೆ ಕಲಿತವರೇ ಬೇಕು, ನೀವೇ ಕೈ ಹಾಕಬೇಡಿ. ದೊಡ್ಡವರ ತಪ್ಪನ್ನು ಕೇಳುವುದನ್ನೂ ಬಿಡಬೇಡಿ. ನಿಮ್ಮ ಕೆಲಸ ಬೇರೆಯೇ ಇರಬಹುದು. ಆದರೆ ನಿಮ್ಮ ಕೈಯಲ್ಲೂ ಒಂದು ವಾಲ್ವು ಇದ್ದೇ ಇರುತ್ತದೆ. ಅದು ಯಾವುದು ಎಂದು ಇವತ್ತೇ ನೋಡಿ, ಬಿಗಿಯಾಗಿ ತಿರುಗಿಸಿ, ನಾಲ್ಕು ಜನರಿಗೆ ಹೆಮ್ಮೆಯಿಂದ ಹೇಳಿ. ಗೊತ್ತಿದ್ದವರಿಗೆ ಬೇಕಾದರೆ ಎರಡೆರಡು ಸಲ.