ಕೈ ಎತ್ತಿದರೆ ಕತ್ತರಿ

ಹೊಸೇಯ ಟೇಟ್ ಕೋಟಿನ ಎಡಜೇಬು ತಡಕಿದ, ಬಲಜೇಬು ತಡಕಿದ, ಕೊನೆಗೆ ಒಳಜೇಬಿಗೂ ಕೈ ಹಾಕಿದ. ಚರ್ಚಿನ ತುಂಬ ಜನ ಕಾಯುತ್ತಿದ್ದರು. ತೀರಿಕೊಂಡ ಜೆಲ್ಮಾ ಪಿಕೆಟ್‌ಳ ಬದುಕಿನ ಕತೆ ಅಚ್ಚು ಹಾಕಿಸಿದ ಹಾಳೆ ಅವನ ಕೈಯಲ್ಲಿತ್ತು. ಅದನ್ನು ಅವನೇ ಓದಲಿ ಎಂದು ಪಾಸ್ಟರ್ ಇದ್ದಕ್ಕಿದ್ದಂತೆ ಕರೆದುಬಿಟ್ಟಿದ್ದರು.

“ಕನ್ನಡಕ ಮನೇಲೇ ಬಿಟ್ಟು ಬಂದೆ, ಪಾಸ್ಟರೇ.”

“ತಲೆ ಮೇಲೇ ಇದೆಯಲ್ಲ, ಬ್ರದರ್ ಟೇಟ್!” ಎಂದಿತು ಹಾಡುವವರ ಸಾಲಿನಿಂದ ಒಂದು ದನಿ. ಶವಪೆಟ್ಟಿಗೆಯ ಮುಂದೆಯೇ ನಗು ಉಕ್ಕಿತು.

ಅವನ ಹೆಂಡತಿ ಕೋರಾ ಎದ್ದುಬಂದಳು. “ಅದು ದೂರದ್ದು ನೋಡೋ ಕನ್ನಡಕ ಕಣ್ರಪ್ಪ. ಕೊಡು ಇಲ್ಲಿ,” ಎಂದು ಹಾಳೆ ಕಿತ್ತುಕೊಂಡು ತಾನೇ ಓದಿದಳು.

ಜೆಲ್ಮಾ ಇದೇ ಮಿಸಿಸಿಪ್ಪಿಯ ಊರಲ್ಲಿ ಹುಟ್ಟಿದ್ದು, ಆರು ವರ್ಷ ಪಾಠ ಹೇಳಿದ್ದು, ಆಮೇಲೆ ನಲವತ್ತು ವರ್ಷ ಸೋರುವ ಶಾಲೆ, ಬೀಗ ಬಿದ್ದ ಶಾಲೆ, ಶಾಲೆಯಿಂದ ಹೊರದಬ್ಬಿದ ಮಕ್ಕಳು ಎಂದು ಸಾಕ್ಷ್ಯಚಿತ್ರ ತೆಗೆದದ್ದು, ಎಲ್ಲ ಅದರಲ್ಲಿತ್ತು. ಪ್ರಶಸ್ತಿಗಳ ಪಟ್ಟಿ ಬಂದಾಗ ಜನ ಸುಮ್ಮನೆ ಬೀಸಣಿಗೆ ಬೀಸಿಕೊಂಡರು. ಮೊದಲ ಕ್ಯಾಮೆರಾಕ್ಕೆಂದು ಅಪ್ಪನ ಎರಡು ಹಂದಿ ಮಾರಿದಳು ಎಂಬಲ್ಲಿಗೆ ಬಂದಾಗ ಮಾತ್ರ ಇಡೀ ಚರ್ಚು ಆಮೆನ್ ಎಂದಿತು.

ಹೊಸೇಯ ನೆಲ ನೋಡುತ್ತ ಕೂತಿದ್ದ. ಕೋರಾ ಬಂದು ಹಿಂದಿರುಗಿಸಿದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

*

ಐದು ವಾರದ ಹಿಂದೆ, ಅವನು ಓಡಿಸುತ್ತಿದ್ದ ಹಳೆಯ ಸ್ಕೂಲ್ ಬಸ್ಸಿನಲ್ಲಿ ಜೆಲ್ಮಾ ಕ್ಯಾಮೆರಾ ಇಟ್ಟು ಅವನನ್ನು ಮಾತಾಡಿಸಿದ್ದಳು. ಮಾತು ಮುಗಿದ ಮೇಲೆ ಅವಳದೊಂದು ಪದ್ಧತಿ. ಅರ್ಧ ನಿಮಿಷ ಯಾರೂ ಉಸಿರೆತ್ತಬಾರದು. ಆ ಜಾಗದ ಮೌನವನ್ನೂ ಹಿಡಿದಿಡಬೇಕು, ಚಿತ್ರ ಜೋಡಿಸುವಾಗ ಬೇಕಾಗುತ್ತದೆ. ಊರಿನ ನಾಯಿಗಳಿಗೂ ಆ ಪದ್ಧತಿ ಗೊತ್ತಿತ್ತು.

ಆ ಮೌನದಲ್ಲೇ ಹೊಸೇಯ ಬಾಯಿಬಿಟ್ಟ.

“ನಂಗೆ ಓದೋಕೆ ಬರಲ್ಲ, ಜೆಲ್ಮಾ. ಹತ್ತಿ ಬಿಡಿಸೋ ಕಾಲ ಬಂತು ಅಂದ್ರೆ ನನ್ನ ಶಾಲೆ ಬಿಡಿಸ್ತಿದ್ರು. ಮೂವತ್ತೊಂದು ವರ್ಷ ಊರ ಮಕ್ಕಳನ್ನೆಲ್ಲ ಶಾಲೆ ಬಾಗಿಲಿಗೆ ಮುಟ್ಟಿಸ್ದೆ. ಒಂದಿನಾನೂ ಒಳಗೆ ಹೋಗಿಲ್ಲ.”

ಜೆಲ್ಮಾ ಕ್ಯಾಮೆರಾದ ಕೆಂಪು ದೀಪ ತೋರಿಸಿದಳು. “ಇದೂ ದಾಖಲಾಯ್ತು ಕಣೋ.”

“ಅಳಿಸಿಬಿಡು. ಕೋರಾಗೆ ಗೊತ್ತಿಲ್ಲ.”

“ನನ್ನ ನಿಯಮ ಗೊತ್ತಲ್ಲ? ಚಿತ್ರದಲ್ಲಿ ಇರೋರು ಮೊದಲು ನೋಡ್ಬೇಕು. ನೋಡಿ, ಬೇಡ ಅಂತ ಕೈ ಎತ್ತಿದ್ರೆ ಕತ್ತರಿ. ಆದ್ರೆ ನೋಡದೆ ಎತ್ತೋ ಹಾಗಿಲ್ಲ.”

ತೋರಿಸುವಷ್ಟರಲ್ಲಿ ಅವಳೇ ಹೊರಟುಹೋದಳು.

*

ಮಣ್ಣು ಮುಗಿಸಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಕೋಳಿಗೆ ಸಾಲುಗಟ್ಟಿದ್ದರು. ಜೆಲ್ಮಾಳ ಮಗಳು ಲವೀನಾ ಹೊಸೇಯನನ್ನು ಪಕ್ಕದ ಪಾಠದ ಕೋಣೆಗೆ ಕರೆದೊಯ್ದು ಲ್ಯಾಪ್‌ಟಾಪ್ ತೆರೆದಳು. ನಾಳೆ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಸಭೆ. ಊರಿನ ಮುಚ್ಚಿದ ಶಾಲೆಯನ್ನು ಕೆಡವಬೇಕೋ, ದೊಡ್ಡವರ ಸಂಜೆ ತರಗತಿಗೆ ಬಿಡಬೇಕೋ ಅಲ್ಲಿ ತೀರ್ಮಾನ. ಅಲ್ಲಿ ತೋರಿಸಬೇಕಾದ ಅಮ್ಮನ ಕೊನೆಯ ಚಿತ್ರಕ್ಕೆ ಹೊಸೇಯನ ಮಾತಿಲ್ಲದಿದ್ದರೆ ಜೀವವಿಲ್ಲ. ಅವನನ್ನು ಕೇಳದೆಯೇ ಲವೀನಾ ಅದನ್ನು ತೋರಿಸಿಬಿಡಬಹುದಿತ್ತು. ಬೈಯಲು ಅಮ್ಮ ಇರಲಿಲ್ಲ. ಆದರೂ ಕರೆದಿದ್ದಳು.

ಹೊಸೇಯ ಲ್ಯಾಪ್‌ಟಾಪ್ ಕಾಣುತ್ತಲೇ ಕೈ ಎತ್ತಿದ. “ತಗೋ, ಎತ್ತಿದೀನಿ. ಕತ್ತರಿಸು.”

“ಮೊದಲು ನೋಡಿ, ಅಂಕಲ್. ಅಮ್ಮನ ನಿಯಮ.”

“ನಿಮ್ಮಮ್ಮ ಸತ್ತ ಮೇಲೂ ಹಟ ಬಿಡ್ಲಿಲ್ವಲ್ಲೇ!”

“ಅವಳು ಯಾಕೆ ಬಿಡ್ತಾಳೆ?” ಬಾಗಿಲಲ್ಲಿ ಕೋರಾ ನಿಂತಿದ್ದಳು, ಕೈಯಲ್ಲಿ ಪೀಚ್ ಹಣ್ಣಿನ ಸಿಹಿಯ ತಟ್ಟೆ. “ಏನು ತೋರಿಸ್ತಿದೀಯೆ ಹುಡುಗಿ? ನಾನೂ ನೋಡ್ಲಾ?”

ಲವೀನಾ ಲ್ಯಾಪ್‌ಟಾಪ್ ಅರ್ಧ ಮುಚ್ಚಿದಳು. “ಅಂಕಲ್ ಹೂಂ ಅಂದ್ರೆ ಮಾತ್ರ, ಆಂಟಿ.”

ಹೊಸೇಯನ ಕೈ ಇನ್ನೂ ಮೇಲೆಯೇ ಇತ್ತು. ನಲವತ್ತಮೂರು ವರ್ಷ ಜೊತೆಗೆ ಬಾಳಿದವಳ ಮುಖ ನೋಡಿದ. ಭಯ ಎಂದರೆ ಭಯವೇ, ಮುಚ್ಚುಮರೆ ಏಕೆ? ಆಮೇಲೆ ಆ ಕೈಯನ್ನು ಕೆಳಗಿಳಿಸಿ, ಮಕ್ಕಳ ಪುಟ್ಟ ಕುರ್ಚಿಯೊಂದನ್ನು ತನ್ನ ಪಕ್ಕಕ್ಕೆ ಎಳೆದ.

“ಕೂತ್ಕೋ.”

ಚಿತ್ರ ಓಡಿತು. ಬಸ್ಸು, ಮೌನ, ಅವನ ದನಿ. ಮುಗಿದ ಮೇಲೂ ಮೂವರೂ ಅರ್ಧ ನಿಮಿಷ ಅಲುಗಾಡಲಿಲ್ಲ, ಅಭ್ಯಾಸಬಲ.

“ಗೊತ್ತಿತ್ತಾ ನಿಂಗೆ?” ಎಂದ ಹೊಸೇಯ.

“ನಿನ್ನ ಕನ್ನಡಕ ದಿನಾ ಯಾಕೆ ಕಳೆಯುತ್ತೆ ಅಂತ ನಾನು ಒಂದ್ಸಲನಾದ್ರೂ ಕೇಳಿದೀನಾ?” ಕೋರಾಳ ಕಣ್ಣು ತುಂಬಿತ್ತು. “ನೀನೇ ಹೇಳ್ಲಿ ಅಂತ ಕಾದೆ. ಎಷ್ಟು ಕಾಯಿಸ್ದೆಯೋ, ಮುದಿಯಾ!”

ಲವೀನಾ ಕೇಳಿದಳು. “ಅಂಕಲ್, ಕೈ?”

ಹೊಸೇಯನ ಎರಡು ಕೈಯೂ ಆಗಲೇ ಮೇಜಿನ ಮೇಲಿದ್ದವು. ಜೇಬಿನಲ್ಲಿ ಮಡಚಿಟ್ಟಿದ್ದ ಶವಸಂಸ್ಕಾರದ ಹಾಳೆಯನ್ನು ತೆಗೆದು ಬಿಡಿಸಿ, ಸುಕ್ಕು ನೀವಿ, ಹೆಂಡತಿಯ ಮುಂದಕ್ಕೆ ಸರಿಸಿದ.

“ಮೊದಲಿಂದ. ನಿಧಾನ.”

ಕೋರಾ ಸಿಹಿ ಅಂಟಿದ್ದ ಬೆರಳನ್ನು ಒರೆಸಿಕೊಂಡು ಜೆಲ್ಮಾಳ ಹೆಸರಿನ ಮೊದಲ ಅಕ್ಷರದ ಕೆಳಗೆ ಇಟ್ಟಳು.