ಟವಲಿನ ಕೆಳಗಿನ ಓದು

ಬೆಳಗಿನ ಲಿಂಗಪೂಜೆ ಮುಗಿಸಿ ಪಾರ್ವತಮ್ಮ ವಿಭೂತಿಗಟ್ಟಿಯನ್ನು ಗೂಡಿನಲ್ಲಿಡುವ ಹೊತ್ತಿಗೆ ಮಗಳು ರಕ್ಷಿತಾ ಚೀಲ ಹೆಗಲಿಗೇರಿಸಿ ಹೊರಟಾಗಿತ್ತು. ಕುಂಬಾರಕೊಪ್ಪಲಿನ ಆ ಮನೆಯಲ್ಲಿ ಇದು ದಿನವೂ ನಡೆಯುವುದೇ. ಎಂ.ಎ. ಮುಗಿದು ಎಷ್ಟೋ ಕಾಲವಾಗಿತ್ತು, ಪಿಎಚ್.ಡಿ. ಮಾತ್ರ ಮುಗಿಯುತ್ತಿರಲಿಲ್ಲ. ಬರುವ ಯುಗಾದಿಯ ಹೊತ್ತಿಗೆ ಅದನ್ನು ಬಿಟ್ಟು ಮದುವೆಗೆ ಒಪ್ಪಬೇಕೆಂದು ಪಾರ್ವತಮ್ಮ ಹೇಳಿಬಿಟ್ಟಿದ್ದರು.

"ಅಜ್ಜಿ, ಅತ್ತೆ ಫೇಲಾಗಿದಾಳಾ?" ಮೂರನೇ ಕ್ಲಾಸಿನ ಮೊಮ್ಮಗಳು ಲಾಸ್ಯ ಕೇಳಿದಳು. "ಯೂನಿಫಾರ್ಮ್ ಇಲ್ಲ, ಪರೀಕ್ಷೆ ಇಲ್ಲ. ಯಾವಾಗ್ಲೂ ಅದೇ ಕ್ಲಾಸು."

"ಶಿವನಿಗೇ ಗೊತ್ತು ಕಣಮ್ಮ. ಓದ್ತಾಳೋ, ಓದ್ತೀನಿ ಅಂತ ನಮಗೆ ಹೇಳ್ತಾಳೋ."

ಆ ಶನಿವಾರ ಅಜ್ಜಿ ಮೊಮ್ಮಗಳು ತೆಂಗಿನಕಾಯಿಗೆಂದು ಮಂಡಿ ಮೊಹಲ್ಲಾಕ್ಕೆ ಹೋದರು. ಅಲ್ಲೊಂದು ಅಂಗಡಿಯ ಜಗಲಿಯ ಮೇಲೆ ರಕ್ಷಿತಾ ಕೂತಿದ್ದಳು. ಎದುರಿಗೊಬ್ಬ ಮುದುಕರು. ಇಬ್ಬರ ಕೈಗಳ ಮೇಲೂ ಒಂದು ಕೆಂಪು ಟವಲು. ಅದರೊಳಗೆ ಏನೋ ಮಿಸುಕುತ್ತಿತ್ತು, ಇಬ್ಬರೂ ಮಾತಾಡುತ್ತಿರಲಿಲ್ಲ.

ಪಾರ್ವತಮ್ಮ ದಾಪುಗಾಲು ಹಾಕಿ ಜಗಲಿಯ ಬಳಿ ಬಂದರು. "ಇದೇನೇ, ನಿನ್ನ ಯೂನಿವರ್ಸಿಟಿ?"

ರಕ್ಷಿತಾ ಟವಲು ಸರಿಸಿದಳು. "ಇವರು ಸಿದ್ದಮಲ್ಲಪ್ಪನವರು ಅಮ್ಮ, ದನದ ಸಂತೇಲಿ ದಲ್ಲಾಳಿ ಆಗಿದ್ದವರು. ಎತ್ತಿನ ಬೆಲೆ ಪಕ್ಕದವರಿಗೆ ಗೊತ್ತಾಗಬಾರದು ಅಂತ ಟವಲಿನ ಕೆಳಗೆ ಎದುರಿನವನ ಬೆರಳು ಹಿಡಿದು, ಹಿಡಿದಷ್ಟು ಬೆರಳಿನ ಲೆಕ್ಕದಲ್ಲಿ ಹೇಳ್ತಿದ್ರು. ಇದೇ ನನ್ನ ಓದು."

"ಸುಳ್ಳು," ಅಂದಳು ಲಾಸ್ಯ. "ಓದು ಪುಸ್ತಕದಲ್ಲಿರುತ್ತೆ."

"ನಿನ್ನ ಕ್ಲಾಸಲ್ಲಿ ಹಾಗೇ ಪುಟ್ಟಿ. ಕಾಲೇಜಿಗೆ ಹೋದ್ಮೇಲೆ ನಮಗೆ ಬೇಕಾದ ವಿಷಯ ಆರಿಸ್ಕೊಂಡು ಓದ್ತೀವಿ. ಎಂ.ಎ.ಲಿ ಅದನ್ನೇ ಇನ್ನೂ ಆಳವಾಗಿ. ಪಿಎಚ್.ಡಿ. ಅಂದ್ರೆ ಪುಸ್ತಕದಲ್ಲಿ ಇಲ್ಲದ್ದನ್ನ ನಾನೇ ಹುಡುಕಿ ಬರೀಬೇಕು. ಆಮೇಲೆ ದೊಡ್ಡವರು ಕೂತು ಪ್ರಶ್ನೆ ಕೇಳ್ತಾರೆ. ಅದೇ ಪರೀಕ್ಷೆ."

"ಪುಸ್ತಕದಲ್ಲೇ ಇಲ್ಲ ಅಂದ್ರೆ ಅವರಿಗೂ ಗೊತ್ತಿರಲ್ಲ. ನೀನು ಸುಳ್ಳು ಬರೆದ್ರೂ ಪಾಸಾ?"

ಸಿದ್ದಮಲ್ಲಪ್ಪ ನಕ್ಕರು. "ಈ ಮಗೀಗೆ ಮುದಿ ಎತ್ತು ಮಾರೋಕಾಗಲ್ಲ ಬುಡಿ."

ರಕ್ಷಿತಾ ನಗಲಿಲ್ಲ. "ಅದಕ್ಕೇ ತಡ ಆಗ್ತಿರೋದು. ಇವರು ಹೇಳಿದ್ದನ್ನ ಬೇರೆ ಸಂತೆಯವರ ಹತ್ರ ಹೋಗಿ ಕೇಳ್ತೀನಿ. ಅವರು ಇನ್ನೊಂದು ಥರ ಹೇಳಿದ್ರೆ, ಮತ್ತೆ ಮೊದಲಿಂದ."

ಪಾರ್ವತಮ್ಮ ಮಗಳ ಮುಖವನ್ನೇ ನೋಡಿದರು. ನೀರು ಬೆರೆಸಿದ್ದಾನೋ ಎಂದು ಹಾಲು ತಂದವನ ಪಾತ್ರೆಯನ್ನು ನೋಡುವ ನೋಟ ಅದು. ಆಮೇಲೆ ಸೆರಗು ಸರಿಮಾಡಿಕೊಂಡು ಜಗಲಿಯ ಮೇಲೆ ಕೂತರು.

"ಟವಲು ಹಾಕಿ ಯಜಮಾನ್ರೇ. ಇವಳು ಬಾಯಲ್ಲಿ ಹೇಳಿದ್ದು ಕೇಳಿ ಕೇಳಿ ಸಾಕಾಗಿದೆ. ಇನ್ನೆಷ್ಟು ವರ್ಷ ಬೇಕು ಅಂತ ಬೆರಳಲ್ಲೇ ಹೇಳಲಿ."

ಕೆಂಪು ಟವಲಿನ ಕೆಳಗೆ ರಕ್ಷಿತಾ ತಾಯಿಯ ಎರಡು ಬೆರಳು ಹಿಡಿದಳು. ಪಾರ್ವತಮ್ಮ ಕೊಡವಿಕೊಂಡು ಮಗಳ ಒಂದೇ ಬೆರಳು ಹಿಡಿದರು. ರಕ್ಷಿತಾ ಕೈ ಎಳೆದಳು, ಬೆರಳು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಳೆಯುವುದನ್ನು ಬಿಟ್ಟಳು.

"ಈ ಯುಗಾದಿ ಅಲ್ಲ, ಮುಂದಿನ ಯುಗಾದಿ," ಅಂದರು ಪಾರ್ವತಮ್ಮ. "ಅಲ್ಲೀವರೆಗೂ ಮದುವೆ ಮಾತೆತ್ತಲ್ಲ."

ಲಾಸ್ಯ ಬಗ್ಗಿ ಟವಲಿನ ಅಂಚು ಎತ್ತಿ ನೋಡಿದಳು. "ಅಜ್ಜಿ, ಹಾಗಾದ್ರೆ ಅತ್ತೇನ ನಂಬಿದ್ಯಾ?"

"ಮುಂದಿನ ಸಲ ಇವಳು ಬೇರೆ ಸಂತೆಗೆ ಹೋಗೋವಾಗ ನಾವಿಬ್ರೂ ಜೊತೇಲಿ ಹೋಗೋಣ ಕಣಮ್ಮ," ಅಂದರು ಅಜ್ಜಿ, ಬೆರಳು ಬಿಡದೆ.