ಕಕ್ಕಸಿನ ಬಾಗಿಲ ಮೇಲಿನ ಮೊಳೆ

ಕಾರಿನ ಬಾಗಿಲು ದೂಡುವುದಕ್ಕೂ ಎಮೆಟ್‌ಗೆ ಎರಡು ಕೈ ಬೇಕಾಯಿತು. ಲೊಯಿಸ್ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. ಸಹಾಯಕ್ಕೆ ಹೋದರೆ ಗಂಡ ಸಿಡುಕುತ್ತಾನೆ, ಹೋಗದಿದ್ದರೆ ತನ್ನ ಕರುಳು ಹಿಂಡುತ್ತದೆ. ಈ ಚಳಿಗಾಲ ಪೂರ್ತಿ ಎರಡರ ನಡುವೆ ಸಿಕ್ಕಿಕೊಂಡು ಅವಳು ಹಣ್ಣಾಗಿದ್ದಳು.

"ಯಾರಿಗೂ ಹೇಳಿಲ್ಲ ತಾನೆ?" ಎಂದ ಎಮೆಟ್, ಇಳಿದು ನಿಂತು ಉಸಿರು ತೆಗೆದುಕೊಳ್ಳುತ್ತ. "ಇವತ್ತು ಗೋಡೆ ಕೆಲಸ ಮುಗೀಲಿ. ಆಮೇಲೆ ಬೇಕಾದ್ರೆ ಊರಿಗೆಲ್ಲ ಡಂಗುರ ಹೊಡಿ. ಗೊತ್ತಾದ್ರೆ ಎಲ್ಲಾ ಮೆತ್ತಗಾಗ್ಬಿಡ್ತಾರೆ. ಮೆತ್ತಗಾದವರ ಜೊತೆ ಜಗಳ ಆಡೋದು ಹೇಗೆ?"

"ಹೇಳಿಲ್ಲ," ಎಂದಳು ಲೊಯಿಸ್.

ಹೇಳಿದ್ದಳು. ನಿನ್ನೆ ಚರ್ಚಿನ ಮೆಟ್ಟಿಲ ಮೇಲೆ ಎಮೆಟ್‌ನ ಹಳೆಯ ಗೆಳೆಯ ಲಮಾರ್ ಹೆಸ್ "ಹೇಗಿದ್ದೀಯಮ್ಮಾ?" ಎಂದು ಕೇಳಿದ್ದೇ ತಡ, ತಿಂಗಳುಗಟ್ಟಲೆ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂದುಬಿಟ್ಟಿತ್ತು. ಎಮೆಟ್‌ನ ಕ್ಯಾನ್ಸರ್ ಗೆಡ್ಡೆ ಲಿವರಿಗೂ ಹಬ್ಬಿದೆ. ಮೊದಲ ಔಷಧಿ ಸೋತಿದೆ. ಗುರುವಾರ ಎರಡನೆಯದನ್ನು ಶುರುಮಾಡಿದರೆ ಒಂದೋ ಎರಡೋ ವರ್ಷ ಸಿಗಬಹುದು, ಬೇಡವೆಂದರೆ ನಾಲ್ಕು ತಿಂಗಳು. ಎಮೆಟ್ ಬೇಡ ಎಂದಿದ್ದಾನೆ. ಲಮಾರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಗುರಾಯಿತು ಎಂದುಕೊಂಡು ಮನೆಗೆ ಬಂದವಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಡಾಟಿಯ ಹೋಟೆಲಿನಲ್ಲಿ ಆಗಲೇ ಗೋಡೆ ಬೋಳಾಗಿತ್ತು. ಫೆಬ್ರವರಿಯ ಮೂರನೇ ಸೋಮವಾರ, ಅಧ್ಯಕ್ಷರ ದಿನ, ಅಲ್ಲಿ ನಡೆಯುವುದು ಇಷ್ಟೇ: ದೇಶವಾಳಿದ ಮಹಾಶಯರ ಪಟಗಳನ್ನೆಲ್ಲ ಕೆಳಗಿಳಿಸುವುದು, ಕಾಫಿ ಕುಡಿಯುತ್ತ ಕಿತ್ತಾಡುವುದು, ಯೋಗ್ಯತೆಗೆ ತಕ್ಕಂತೆ ಮತ್ತೆ ತೂಗುಹಾಕುವುದು. ಮೊದಲ ಮೊಳೆ ಗಲ್ಲಾದ ಮೇಲೆ. ಅಲ್ಲಿಂದ ಸಾಲು ಕಿಟಕಿಗಳನ್ನು ದಾಟಿ, ಕೋಟು ನೇತುಹಾಕುವ ಗೂಟಗಳನ್ನು ದಾಟಿ, ಕಕ್ಕಸಿನ ಬಾಗಿಲ ಮೇಲೆ ಮುಗಿಯುತ್ತದೆ. ಬದುಕಿರುವವರಿಗೆ ಗೋಡೆಯ ಮೇಲೆ ಜಾಗವಿಲ್ಲ. ಡಾಟಿಯ ಅಪ್ಪ ಮಾಡಿದ ನಿಯಮ ಅದು, ಇಲ್ಲದಿದ್ದರೆ ಹೋಟೆಲಿನಲ್ಲಿ ಒಂದು ತಟ್ಟೆಯೂ ಉಳಿಯುತ್ತಿರಲಿಲ್ಲ.

ಆ ಕೊನೆಯ ಮೊಳೆಯ ಮೇಲೆ ಜೇಮ್ಸ್ ಬುಕ್ಯಾನನ್ ಖಾಯಂ ಗಿರಾಕಿ. ದೇಶ ಎರಡು ಹೋಳಾಗುವಾಗ ಗದ್ದುಗೆಯ ಮೇಲಿದ್ದವನು, ಲಿಂಕನ್ನನಿಗಿಂತ ಮೊದಲಿನವನು. ಅವನ ಮನೆ ಇದೇ ಲ್ಯಾಂಕಾಸ್ಟರ್ ಊರಿನಲ್ಲಿ, ಎಮೆಟ್ ಹಾಲಿನ ಲಾರಿ ಓಡಿಸುತ್ತಿದ್ದ ದಾರಿಯಲ್ಲೇ ಇದೆ. ಅವನನ್ನು ಆ ಮೊಳೆಯಿಂದ ಬಿಡಿಸಬೇಕೆಂದು ಎಮೆಟ್ ವರ್ಷ ವರ್ಷವೂ ಕಂಠಶೋಷಣೆ ಮಾಡಿ, ವರ್ಷ ವರ್ಷವೂ ಸೋತು, ಮನೆಗೆ ಬಂದು ಮೂರು ದಿನ ಗೊಣಗುತ್ತಿದ್ದ. ಲೊಯಿಸ್ ಮೂಲೆಯಲ್ಲಿ ಹೆಣಿಗೆ ಹಿಡಿದು ಕೂರುತ್ತಿದ್ದಳೇ ಹೊರತು ಒಮ್ಮೆಯೂ ಬಾಯಿ ಹಾಕಿದವಳಲ್ಲ.

"ಬಾ ಚಿನ್ನ, ಕೂತ್ಕೋ," ಎಂದಳು ಡಾಟಿ. ಅವಳಿಗೆ ಎಲ್ಲರೂ ಚಿನ್ನವೇ. ಆದರೆ ಇವತ್ತು ಎಮೆಟ್‌ನ ಮುಂದೆ ಕಾಕಂಬಿ ಪೈಯ ದೊಡ್ಡ ತುಂಡನ್ನು ಕೇಳದೆಯೇ ಇಟ್ಟಳು. ಲೊಯಿಸ್‌ಗೆ ಗೊತ್ತಾಗಿಹೋಯಿತು. ಲಮಾರ್ ಇವಳಿಗೂ ಹೇಳಿದ್ದಾನೆ.

ಲಿಂಕನ್ ಮೊದಲ ಮೊಳೆಗೆ ಹೋದ, ವಾಷಿಂಗ್ಟನ್ ಎರಡನೆಯದಕ್ಕೆ. ರೂಸ್‌ವೆಲ್ಟ್‌ಗಳಿಬ್ಬರಲ್ಲಿ ಯಾರು ಮುಂದೆ ಎಂದು ಸ್ವಲ್ಪ ಕೂಗಾಟವಾಯಿತು. ಆ ಕೂಗಾಟದಲ್ಲೂ ಜೀವವಿರಲಿಲ್ಲ. ಎಮೆಟ್ ಮಾತಾಡಿದಾಗಲೆಲ್ಲ ಸುತ್ತ ಕೂತವರು ಹೌದೆಂದು ತಲೆಯಾಡಿಸುತ್ತಿದ್ದರು. ಕಡೆಗೆ ಮೇಜಿನ ಮೇಲೆ ಎರಡೇ ಪಟ ಉಳಿದವು, ಬುಕ್ಯಾನನ್ ಮತ್ತು ಲಿಂಕನ್ನನ ನಂತರ ಬಂದ ಆಂಡ್ರ್ಯೂ ಜಾನ್ಸನ್.

ಎಮೆಟ್ ಕತ್ತಿನ ಮಫ್ಲರ್ ಸಡಿಲಿಸಿದ. ಈ ಗಳಿಗೆಗಾಗಿಯೇ ಅವನು ಬೆಳಿಗ್ಗೆ ಗಂಟಲಲ್ಲಿ ಇಳಿಯದ ಗಂಜಿಯನ್ನು ಹಟ ಹಿಡಿದು ಕುಡಿದಿದ್ದ.

"ನೋಡ್ರಪ್ಪಾ, ಜಾನ್ಸನ್ ಕೈಗೆ ಗೆದ್ದ ಯುದ್ಧ ಸಿಕ್ತು. ಅದನ್ನ ಕೆಡಿಸಿಟ್ಟ. ನಮ್ಮವನ ಕೈಗೆ ಸಿಕ್ಕಿದ್ದು ಹೊತ್ತಿ ಉರೀತಿದ್ದ ಮನೆ. ಅಷ್ಟಕ್ಕೂ ಮನೆ ಮಗನ್ನ ಯಾರಾದ್ರೂ ಕಕ್ಕಸಿನ ಮೇಲೆ ಹಾಕ್ತಾರೇನ್ರೋ?"

ಪ್ರತಿ ವರ್ಷದಂತೆ ಇಲ್ಲಿ ಲಮಾರ್ ಮೇಜು ಗುದ್ದಬೇಕು. 'ಮನೆ ಮಗನೇ ಮನೆ ಸುಟ್ರೆ ಎಲ್ಲಿ ಹಾಕ್ಬೇಕೋ, ತಲೆ ಮೇಲಾ?' ಎನ್ನಬೇಕು. ಟ್ರ್ಯಾಕ್ಟರ್ ಭಾಗಗಳನ್ನು ಮಾರಿ ಮಾರಿ ದೊಡ್ಡದಾದ ಅವನ ಗಂಟಲಿಗೆ ಕಿಟಕಿ ಗಾಜು ನಡುಗಬೇಕು.

ಲಮಾರ್ ಕಾಫಿ ಲೋಟದೊಳಗೆ ನೋಡುತ್ತ, "ಆಗ್ಲಿ ಬಿಡು ಎಮೆಟ್," ಎಂದ. "ನೀನು ಹೇಳೋದ್ರಲ್ಲೂ ಅರ್ಥ ಇದೆ. ಈ ಸಲ ಜಾನ್ಸನ್‌ನೇ ಹಾಕೋಣ."

ಉಳಿದವರೂ ಹೂಂಗುಟ್ಟಿದರು. ಡಾಟಿ ಜಾನ್ಸನ್‌ನನ್ನು ಎತ್ತಿಕೊಂಡು ಸ್ಟೂಲು ಎಳೆದಳು.

ಎಮೆಟ್ ಗೆದ್ದಿದ್ದ. ಅವನ ಮುಖದಲ್ಲಿದ್ದ ಅಷ್ಟಿಷ್ಟು ಬಣ್ಣವೂ ಇಳಿದುಹೋಯಿತು. ಲಮಾರ್‌ನನ್ನು ನೋಡಿದ, ತಿನ್ನದೆ ಉಳಿದ ಪೈಯನ್ನು ನೋಡಿದ, ಆಮೇಲೆ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಲೊಯಿಸ್ ಕಣ್ಣು ತಗ್ಗಿಸಿದಳು.

"ಈ ಗೋಡೆ ಮೇಲೆ ಸತ್ತವರಿಗೆ ಮಾತ್ರ ಜಾಗ ಕಣೋ ಲಮಾರ್," ಎಂದ ಎಮೆಟ್. "ನನ್ನನ್ಯಾಕೆ ಈಗ್ಲೇ ನೇತು ಹಾಕ್ತಿದ್ದೀಯ?"

ಎಮೆಟ್ ಮಫ್ಲರ್ ಬಿಗಿದುಕೊಂಡು ಏಳಲು ನೋಡಿದ. ಮೊದಲ ಸಲಕ್ಕೆ ಆಗಲಿಲ್ಲ.

ಲೊಯಿಸ್‌ಗೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು, ಇಷ್ಟು ದಿನ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಸಿಟ್ಟಾಗಲೂ ತ್ರಾಣವಿಲ್ಲದೆ ಒಳಗೇ ಉಳಿದುಹೋಗಿದ್ದ ಸಿಟ್ಟು. ಹೆಣಿಗೆಯನ್ನು ಬದಿಗಿಟ್ಟು ಎದ್ದಳು.

"ಇಳಿಸು ಡಾಟಿ ಅವನನ್ನ. ನಾನು ಒಪ್ಪಲ್ಲ."

"ನೀನಾ?" ಎಂದ ಎಮೆಟ್.

"ಹೂಂ, ನಾನೇ. ಏನ್ ಮಾಡ್ದ ನಿಮ್ಮ ಮನೆ ಮಗ? ರಾಜ್ಯಗಳು ದೇಶ ಬಿಟ್ಟು ಹೋಗೋದು ತಪ್ಪು ಅಂದ. ತಡಿಯೋಕೆ ನನಗೆ ಅಧಿಕಾರ ಇಲ್ಲ ಅಂತಲೂ ಅಂದ. ಕೈ ಕಟ್ಕೊಂಡು ಕೂತ."

"ಮುದುಕ ಕಣೇ ಅವನು! ಸುಸ್ತಾಗಿತ್ತು. ಚುನಾವಣೆ ಮುಗಿದಿತ್ತು. ಬೀಗದ ಕೈ ಕೊಟ್ಟು ಹೋಗೋದೊಂದೇ ಬಾಕಿ. ಆಗೋದು ಹೇಗೂ ಆಗ್ತಿತ್ತು."

"ನಾಲ್ಕು ತಿಂಗಳಿತ್ತು ಎಮೆಟ್, ಅವನ ಕೈಲಿ!" ಲೊಯಿಸ್‌ಳ ದನಿ ಒಡೆಯಿತು. "ನಾಲ್ಕು ತಿಂಗಳು! ಒಂದು ಪ್ರಯತ್ನ ಮಾಡಿ ಸೋತಿದ್ರೆ ಯಾರೂ ಬೈತಿರ್ಲಿಲ್ಲ. ಅವನಿಗೊಬ್ಬನಿಗೇ ಸುಸ್ತಾಗಿತ್ತಾ? ಸುತ್ತ ಇದ್ದವರಿಗೆ ಆಗಿರ್ಲಿಲ್ವಾ? ನಂಗೂ ಸುಸ್ತಾಗಿದೆ. ಎದ್ದು ಕಾರು ತೆಗೀತಿಲ್ವಾ ನಾನು?"

ಡಾಟಿ ಸ್ಟೂಲಿನ ಮೇಲೆ ಜಾನ್ಸನ್‌ನನ್ನು ಅಪ್ಪಿಕೊಂಡು ನಿಂತೇ ಇದ್ದಳು.

ಎಮೆಟ್ ಮೇಜಿಗೆ ಕೈಯೂರಿ ಎದ್ದ. ಕಿವಿಯ ತುದಿ ಕೆಂಪಾಗಿತ್ತು. "ಹೆಂಗಸು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಇದಕ್ಕಾ!" ಎಂದು ಶುರುಮಾಡಿದವನು ಕೋಟೆಗಳು, ಸೈನ್ಯದ ಲೆಕ್ಕ, ಸಂಪುಟದ ಕಳ್ಳರು ಎಂದು ಒಂದೇ ಸಮನೆ ಕೂಗಾಡಿದ. ಲೊಯಿಸ್ ಒಂದಕ್ಕೂ ಜಗ್ಗಲಿಲ್ಲ. ನಡುವೆ ಲಮಾರ್‌ಗೆ ತಡೆಯಲಾಗದೆ, "ಲೇ, ಸುಳ್ಳು ಹೇಳ್ಬೇಡ ಮಾರಾಯ!" ಎಂದು ಮೇಜು ಗುದ್ದಿದ. ಕಿಟಕಿ ಗಾಜು ನಡುಗಿತು.

ಕೈ ಎತ್ತಿಸಿದಾಗ ಬುಕ್ಯಾನನ್‌ನ ಪರವಾಗಿ ಎದ್ದದ್ದು ಎಮೆಟ್‌ನ ಒಂದೇ ಕೈ. ಪಟ ಕಕ್ಕಸಿನ ಬಾಗಿಲ ಮೇಲಕ್ಕೆ ಹೋಯಿತು. ಎಮೆಟ್ ಎಲ್ಲರನ್ನೂ ಬೈದು, ಆ ಪೈ ತುಂಡನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಟ.

ಲೊಯಿಸ್ ಕಾರು ತೆಗೆದಳು. ರಸ್ತೆಯ ಎರಡೂ ಕಡೆ ಕೊಳಕು ಹಿಮ. ಲೊಯಿಸ್ ಬೈಗುಳಕ್ಕೆ ಕಾಯುತ್ತಿದ್ದಳು. ಬಂದರೆ ಬರಲಿ, ತನ್ನ ಪಾಲಿನದು ಅದು.

"ಹೇಳಿಲ್ಲ ಅಂದೆ," ಎಂದ ಎಮೆಟ್.

"ಒಬ್ಳೇ ಹೊತ್ಕೊಳ್ಳೋಕೆ ಆಗ್ಲಿಲ್ಲ."

ಅವನು ಕಿಟಕಿಯಾಚೆ ನೋಡಿದ. ಹಾಲಿನ ಡೈರಿ ದಾಟಿತು, ಬುಕ್ಯಾನನ್‌ನ ಮನೆಗೆ ತಿರುಗುವ ದಾರಿಯೂ ದಾಟಿತು.

"ಮುಂದಿನ ವರ್ಷ ನೋಡ್ಕೋತೀನಿ ನಿಮ್ಮನ್ನೆಲ್ಲ," ಎಂದು ಗೊಣಗಿದ. ಆಮೇಲೆ ಕೇಳಿದ: "ಗುರುವಾರ ಎಷ್ಟು ಗಂಟೆಗೆ ಬಾ ಅಂದ್ರು?"

ಲೊಯಿಸ್‌ಗೆ ಮತ್ತೆ ಆ ಆಸ್ಪತ್ರೆಯ ದಾರಿ, ಆ ಬೆಂಚು, ಕಾರಿನಲ್ಲಿ ವಾಂತಿಗೆಂದು ಇಡುವ ಆ ಡಬ್ಬಿ ಎಲ್ಲವೂ ಕಣ್ಣಮುಂದೆ ಬಂದವು. ಮೈಯ ಮೂಳೆ ಮೂಳೆಯೂ ಬೇಡ ಎಂದಿತು.

"ಎಂಟಕ್ಕೆ," ಎಂದಳು. "ಆರಕ್ಕೇ ಎಬ್ಬಿಸ್ತೀನಿ."